ಒಂದೇ ಸ್ವರದ ಬಾಡಿಗೆಯವನು

ನಮ್ಮ ಹಿಂದಿನ ಕೋಣೆಯ ಬಾಡಿಗೆಯವನಿಗೆ ನಾನಿಟ್ಟ ಹೆಸರು ಗುಂಯ್ಯಪ್ಪ. ಭಾನುವಾರ ಅವನ ತಂಡ ಸೇರುತ್ತದೆ. ಒಬ್ಬಳು ತಗಡು ಉಜ್ಜುತ್ತಾಳೆ, ಒಬ್ಬ ಪೈಪು ಊದುತ್ತಾನೆ, ಇವನು ಹಾರ್ಮೋನಿಯಂನಲ್ಲಿ ಒಂದೇ ಸ್ವರ ಹಿಡಿದು ಕೂರುತ್ತಾನೆ. ನನ್ನ ಅನ್ನ ಬೆಂದು ಆರಿದರೂ ಆ ಸ್ವರ ಬದಲಾಗದು. “ಯಾವ ಹಾಡಪ್ಪ ಇದು?” ಎಂದರೆ, “ನಮಗೂ ಗೊತ್ತಿಲ್ಲಜ್ಜಿ, ನುಡಿಸ್ತಾ ನುಡಿಸ್ತಾ ಗೊತ್ತಾಗುತ್ತೆ” ಎನ್ನುತ್ತಾನೆ. ಒಮ್ಮೆ ನಮ್ಮ ಫ್ರಿಜ್ಜು ಕೆಟ್ಟಾಗ ರಿಪೇರಿಯವನಿಗೆ ಇವನು, “ಆ ಗುಂಯ್ ಸದ್ದೊಂದು ಬಿಟ್ಟು ಮಿಕ್ಕಿದ್ದು ಸರಿ ಮಾಡಿ” ಎಂದಿದ್ದ. ನುಡಿಸುವಾಗ ಕಣ್ಣು ಮುಚ್ಚಿ ದವಡೆಯನ್ನು ಹಾರ್ಮೋನಿಯಂ ಪೆಟ್ಟಿಗೆಗೆ ಒತ್ತಿರುತ್ತಾನೆ. ನಿದ್ದೆಯೇನೋ ಎಂದುಕೊಂಡಿದ್ದೆ. ಮೊನ್ನೆ, ಯಾಕೆ ಹೀಗೆ ಒತ್ತಿಕೊಳ್ತೀಯ ಎಂದು ಕೇಳಿಯೇಬಿಟ್ಟೆ. “ಎರಡು ಕಿವಿನೂ ಹೋಗ್ತಾ ಇದೆ ಅಜ್ಜಿ. ಪೂರ್ತಿ ಹೋಗೋದ್ರೊಳಗೆ ಒಂದು ಸ್ವರಾನಾದ್ರೂ ಮೂಳೆಗೆ ಕಲಿಸ್ಬೇಕು” ಎಂದ. ನಾನೂ ಪಕ್ಕದಲ್ಲಿ ಕೂತು ದವಡೆ ಒತ್ತಿದೆ. ಹಲ್ಲುದುರಿದ ವಸಡೆಲ್ಲ ಸಣ್ಣಗೆ ನಡುಗಿತು. “ಬಂತಾ?” ಎಂದ. “ಬಂತು, ಬಿಡಬೇಡ” ಎಂದೆ.