ವಂಶ ಪರೀಕ್ಷೆಗೆ ಹೆದರಿದ ಕನ್ನಡಾಭಿಮಾನಿ

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಟಿಕೆಟ್’ ಅಂದರೆ ಸಾಕು, ನಮ್ಮಪ್ಪನ ತಮ್ಮ ಬಸಲಿಂಗಪ್ಪ ಕಾಕಾ ಕೋಲು ಅಡ್ಡ ಹಿಡಿಯುತ್ತಿದ್ದ. “ಚೀಟಿ ಅನ್ನು ಲೇ. ನಾಡು ಒಂದು ಮಾಡಿದ್ದು ಇದಕ್ಕೇನು?”

ನಾಡು ಒಂದಾಗುವಾಗ ಈತನಿಗೆ ಮೀಸೆಯೇ ಮೂಡಿರಲಿಲ್ಲ. ಮುಂಡರಗಿಯ ಒಂದು ಏಕೀಕರಣ ಸಭೆಯಲ್ಲಿ ಕಂದೀಲು ಹಿಡಿದು ನಿಂತಿದ್ದನಂತೆ, ಅಷ್ಟೇ. ಆ ಕಂದೀಲಿನ ಬೆಳಕಲ್ಲೇ ಐವತ್ತು ವರ್ಷ ಮೆರೆದ. ಮನೆಯಲ್ಲಿ ಹೆಂಡತಿ, ಅಂದರೆ ನಮ್ಮ ಚಿಗವ್ವ, ಎರಡು ಮಾತು ಹೆಚ್ಚು ಆಡಿದರೆ ‘ಬಾಯಿ ಮುಚ್ಚು’ ಅನ್ನುತ್ತಿದ್ದ. ಅದೂ ಅಚ್ಚಗನ್ನಡವೇ ಬಿಡಿ.

ಚಿಗವ್ವನ ರಕ್ತದಲ್ಲಿ ಬಿಳಿ ಕಣಗಳು ಮಿತಿಮೀರಿದ್ದವು. ಗದಗಿನ ಡಾಕ್ಟರು ‘ಬೋನ್ ಮ್ಯಾರೋ, ಜೆನೆಟಿಕ್ ಟೆಸ್ಟ್’ ಅನ್ನುತ್ತಲೇ ಕಾಕಾ ಮೇಜು ಕುಟ್ಟಿದ, ಕನ್ನಡದಲ್ಲಿ ಹೇಳಿ ಅಂತ. ಪಾಪ, ಅವರು ತಡವರಿಸಿ ಹೇಳಿದರು: ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ವಂಶವಾಹಿ ಪರೀಕ್ಷೆ ಮಾಡಬೇಕು. ಯಾವ ಬದಲಾವಣೆ ಆಗಿದೆ ಅಂತ ತಿಳಿದರೆ ಸರಿಯಾದ ಗುಳಿಗೆ ಕೊಡಬಹುದು. ಬಿಟ್ಟರೆ ಬ್ಲಡ್ ಕ್ಯಾನ್ಸರು ಕೆರಳುತ್ತದೆ.

ಗುಳಿಗೆಯ ಮಾತು ಈ ಮಹಾಶಯನ ಕಿವಿಗೆ ಬೀಳಲೇ ಇಲ್ಲ. ವಂಶ ಅನ್ನುವುದಷ್ಟೇ ಬಿತ್ತು.

“ನಮ್ಮ ವಂಶ ಪರೀಕ್ಷಾ ಮಾಡಾಕ ನೀವ್ಯಾರ್ರೀ? ಮೊಮ್ಮಗಳ ಲಗ್ನ ಗೊತ್ತಾಗೇತಿ. ಬೀಗರು ಕೇಳಿದ್ರ ಏನ್ ಹೇಳ್ಲಿ?”

ಚಿಗವ್ವನನ್ನು ಎಬ್ಬಿಸಿಕೊಂಡು ಬಂದೇಬಿಟ್ಟ. ಶಿರಹಟ್ಟಿಯ ಯಾರದೋ ಕಷಾಯ ಕುಡಿಸಿದ. ಆಕೆಯ ಎಡಪಕ್ಕೆ ಬಾತು, ಅರ್ಧ ರೊಟ್ಟಿಯೂ ಇಳಿಯದಂತಾಯಿತು. ಕಾಕಾ ಮಾತ್ರ ಮುಂಡರಗಿಗೆ ಸನ್ಮಾನದ ಶಾಲು ಹೊದೆಯಲು ಹೋದ. ಆವತ್ತೇ ನಾನು ಚಿಗವ್ವನನ್ನು ಗದಗಿನ ಬಸ್ಸು ಹತ್ತಿಸಿದೆ. ಸೂಜಿ ಎಲುಬಿಗೆ ಇಳಿದಾಗ ನನ್ನ ಕೈ ಹಿಚುಕಿದಳು.

ವಿಷಯ ತಿಳಿದು ಹಾರಾಡಿದ ಕಾಕಾ, ಪರೀಕ್ಷೆಯ ವರದಿ ಬಂದ ದಿನ ತಾನೂ ಆಸ್ಪತ್ರೆಗೆ ಬಂದ. ಗುಳಿಗೆ ಹೊಂದುತ್ತದೆ ಅಂದರು ಡಾಕ್ಟರು. ಈ ದೋಷ ಅಪ್ಪ ಅವ್ವನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ಮಜ್ಜೆಯ ಕಣದಲ್ಲಿ ತಾನಾಗಿ ಹುಟ್ಟಿದ್ದು ಅಂತ ಬಿಡಿಸಿ ಹೇಳಿದರು. ಹೆಂಡತಿ ಉಳಿಯುತ್ತಾಳೋ ಅಂತ ಕೂಡ ಕೇಳದೆ ಕಾಕಾ ಎದೆ ಉಬ್ಬಿಸಿದ.

“ನಾ ಹೇಳಿದ್ದಿಲ್ಲೇನು? ನಮ್ಮ ವಂಶ ಸ್ವಚ್ಛ ಐತಿ.”

ಚಿಗವ್ವ ಸೆರಗು ಸರಿಪಡಿಸಿಕೊಂಡಳು. “ನಾ ಸೊರಟೂರಿನಾಕಿ. ನನ್ನ ಎಲುಬಿನಾಗ ನಿಮ್ಮ ವಂಶ ಎಲ್ಲಿಂದ ಬಂತ್ರಿ?”

ಕನ್ನಡದಲ್ಲೇ ಕೇಳಿದ್ದಳು. ಕಾಕಾ ‘ಬಸ್ಸಿನ ಟೈಮ್ ಆತು’ ಅನ್ನುತ್ತ ಕೋಲು ಎತ್ತಿಕೊಂಡ.

ಮುಂದೆ ಲಕ್ವಾ ಹೊಡೆದು ಕಾಕಾನೇ ಮೊದಲು ಹೋದ. ಸಂತಾಪ ಸಭೆಯಲ್ಲಿ ಒಬ್ಬರು ಮೈಕು ಹಿಡಿದು ಕಂದೀಲಿನ ಕಥೆ ಶುರುಮಾಡಿದರು. ಪಕ್ಕದಲ್ಲಿದ್ದ ಚಿಗವ್ವ ನನ್ನ ಮೊಣಕೈ ತಿವಿದಳು.

“ಇದು ಜಲ್ದಿ ಮುಗ್ಯಾಂಗಿಲ್ಲೋ. ನನ್ನ ಗುಳಿಗಿ ಹೊತ್ತಾತು, ನೀರ ತಾ.”