ಹದಿನಾಲ್ಕರ ಸಾವು, ಹದಿನಾರರ ದನಿ

ಮಾರ್ಚ್ ಎರಡು, ಭಾನುವಾರ. ಬೆಳಿಗ್ಗೆ ಆರು ಹತ್ತಕ್ಕೆ ಇದನ್ನು ಬರೆಯಲು ಕೂತೆ. ಪಕ್ಕದ ಮನೆಯಿಂದ ಅಣ್ಣನ ದನಿ ಕೇಳಿಸುತ್ತಿದೆ. ದೊಡ್ಡಮ್ಮ ಎದ್ದ ಕೂಡಲೇ ಫೋನಿನಲ್ಲಿ ಅವನ ಕೊನೆಯ ವಾಯ್ಸ್ ಮೆಸೇಜು ಹಾಕಿಕೊಳ್ಳುತ್ತಾರೆ: "ಅಮ್ಮಾ, ಎಳ್ಳು ಬೆಲ್ಲ ಹಂಚಿದ್ರಾ? ನನ್ ಪಾಲು ಎತ್ತಿಟ್ಟಿರು, ಅಪ್ಪ ತಿಂದ್ಬಿಡ್ತಾರೆ."

ಅಣ್ಣ ಅವರ ಒಬ್ಬನೇ ಮಗ. ಪೆರೇಸಂದ್ರದಿಂದ ಚಿಂತಾಮಣಿ ಮಾರ್ಕೆಟ್ಟಿಗೆ ಟೊಮ್ಯಾಟೊ ಸಾಗಿಸುವ ಗಾಡಿ ಓಡಿಸುತ್ತಿದ್ದ. ನಾನು ದಿನಚರಿ ಬರೆಯುವುದು ಅವನಿಗೆ ತಮಾಷೆ. "ಏನಮ್ಮ ಶಾನುಭೋಗ್ರೇ, ಇವತ್ತು ನಾನು ಎಷ್ಟು ಸಲ ಕೆಮ್ಮಿದೆ, ಬರ್ಕೊಂಡ್ಯಾ?" ಎನ್ನುತ್ತಿದ್ದ.

ಹೊರದೇಶದಲ್ಲಿ ಗೋದಾಮಿನ ಗಾಡಿ ಓಡಿಸುವ ಕೆಲಸವೆಂದು ಏಜೆಂಟೊಬ್ಬ ನಂಬಿಸಿದ. ಅಣ್ಣ ಅಕ್ಟೋಬರ್ ಒಂಬತ್ತಕ್ಕೆ ಹೊರಟ. ನವೆಂಬರ್ ಮೂರಕ್ಕೆ ಫೋಟೊ ಬಂತು: ಮೈಮೇಲೆ ಯುದ್ಧದಲ್ಲಿದ್ದ ಆ ದೇಶದ ಸೈನ್ಯದ ಸಮವಸ್ತ್ರ, ಕೈಯಲ್ಲಿ ಬಂದೂಕು. ಸಹಿ ಹಾಕಿದ ಕಾಗದ ಅಲ್ಲಿಯ ಭಾಷೆಯಲ್ಲಿತ್ತು, ಓದಲು ಅವನಿಗೆ ಬರುತ್ತಿರಲಿಲ್ಲ.

"ವಾಪಸ್ ಬಂದ್ಬಿಡಪ್ಪ," ಎಂದರು ದೊಡ್ಡಪ್ಪ ಫೋನಿನಲ್ಲಿ.

"ಇದೇನು ಬಸ್ಸಾ ಅಪ್ಪ, ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಕ್ಕೆ?" ಎಂದು ನಕ್ಕ. ಆ ನಗು ಬೇಗ ನಿಂತಿತು.

ಜನವರಿ ಇಪ್ಪತ್ತೆಂಟರ ಸಂಜೆ ಅವನ ಜೊತೆಗಿದ್ದವನೊಬ್ಬ ಫೋನು ಮಾಡಿದ. ಹಿಂದಿಯಲ್ಲಿ ಮಾತಾಡುತ್ತಿದ್ದನೆಂದು ದೊಡ್ಡಮ್ಮ ನನ್ನನ್ನು ಕರೆದರು. ಹದಿನಾಲ್ಕನೇ ತಾರೀಕು ಮಧ್ಯಾಹ್ನ ಶೆಲ್ ಬಿತ್ತು, ಅಣ್ಣ ಹೋಗಿಬಿಟ್ಟ, ನಾವು ಅಲ್ಲಿಂದ ಓಡಬೇಕಾಯಿತು, ಅವನನ್ನು ಎತ್ತಿಕೊಂಡು ಬರಲಾಗಲಿಲ್ಲ ಎಂದ. ಅಷ್ಟರಲ್ಲಿ ಲೈನು ಕಟ್ಟಾಯಿತು. ಆ ನಂಬರಿಗೆ ಈವರೆಗೆ ನಲವತ್ತೊಂದು ಸಲ ಮಾಡಿದ್ದೇನೆ, ಸ್ವಿಚ್ ಆಫ್.

ನಾನು ಹೇಳಿದ್ದನ್ನೆಲ್ಲ ಕೇಳಿ ದೊಡ್ಡಮ್ಮ ಅಳಲಿಲ್ಲ. ಫೋನು ತೆಗೆದು ನನ್ನ ಮುಂದೆ ಹಿಡಿದರು. ಎಳ್ಳು ಬೆಲ್ಲದ ಮೆಸೇಜು ಬಂದದ್ದು ಹದಿನಾರನೇ ತಾರೀಕು.

"ಹದ್ನಾಲ್ಕಕ್ಕೆ ಸತ್ತೋನು ಹದ್ನಾರಕ್ಕೆ ಮಾತಾಡ್ತಾನೇನೇ?"

"ಸಂಕ್ರಾಂತಿ ಬೆಳಿಗ್ಗೆನೇ ಮಾತಾಡಿಟ್ಟಿರ್ತಾನೆ ದೊಡ್ಡಮ್ಮ. ಅಲ್ಲಿ ನೆಟ್‌ವರ್ಕ್ ಇರಲ್ಲ. ಫೋನು ನೆಟ್‌ವರ್ಕ್ ಸಿಗೋ ಕಡೆ ಹೋದಾಗ ಮೆಸೇಜು ತಾನಾಗೇ ಹೊರಡುತ್ತೆ."

"ಫೋನಿಗೇನು ಕಾಲಿದ್ಯಾ? ಯಾರೋ ಒಬ್ರು ಎತ್ಕೊಂಡು ಹೋಗಿರ್ಬೇಕಲ್ಲ. ಅದು ನನ್ ಮಗನೇ ಯಾಕಾಗ್ಬಾರ್ದು?"

ಆ ಪ್ರಶ್ನೆಯನ್ನು ದಿನಚರಿಯಲ್ಲಿ ಹಾಗೇ ಬರೆದುಕೊಂಡೆ.

ಫೆಬ್ರವರಿಯಲ್ಲಿ ದೊಡ್ಡಪ್ಪನ ಜೊತೆ ಚಿಕ್ಕಬಳ್ಳಾಪುರದ ಡಿಸಿ ಕಚೇರಿಗೆ ಮೂರು ಸಲ ಹೋದೆ. ಆ ದೇಶದಿಂದ ಕಾಗದ ಬರದೆ ನಾವೇನೂ ಹೇಳುವ ಹಾಗಿಲ್ಲ ಎಂದರು. ನಮ್ಮನ್ನು ಕೂರಿಸಿ, ನೀರು ಕೊಟ್ಟು, ಮೆತ್ತಗೇ ಹೇಳಿದರು. ಜಗಳವಾಡಲೂ ಅಲ್ಲಿ ಯಾರೂ ಸಿಗಲಿಲ್ಲ.

ಮೂರನೆಯ ಸಲ ಹೋಗಿ ಬಂದ ದಿನ ದೊಡ್ಡಪ್ಪ ಚಪ್ಪಲಿ ಬಿಡುತ್ತಲೇ ಹೇಳಿದರು: "ತಿಥಿ ಆದ್ರೂ ಮಾಡಣ ಕಣೇ. ಮಗ ನಡುದಾರಿಲಿ ನಿಂತಿರ್ಬಾರ್ದು."

"ವಡೆ ಪಾಯ್ಸ ತಿನ್ನೋ ಆಸೆ ಇದ್ರೆ ಹೇಳು, ಇವತ್ತೇ ಮಾಡ್ಹಾಕ್ತೀನಿ," ಎಂದರು ದೊಡ್ಡಮ್ಮ. "ಬದುಕಿರೋನ ಹೆಸ್ರಲ್ಲಿ ಮಾತ್ರ ಬೇಡ."

ದೊಡ್ಡಪ್ಪ ನನ್ನ ಮುಖ ನೋಡಿದರು. ದೊಡ್ಡಮ್ಮನೂ ನೋಡಿದರು. ಇಬ್ಬರಿಗೂ ನಾನು ತಾರೀಕು ಬಲ್ಲವಳು. ಅವನು ಸತ್ತಿದ್ದಾನೆ ಎಂದೇ ನಾನು ನಂಬಿದ್ದೇನೆ. ಆದರೆ ಫೋನು ಎತ್ತಿಕೊಂಡು ಹೋದವರು ಯಾರು ಎಂಬ ದೊಡ್ಡಮ್ಮನ ಪ್ರಶ್ನೆ ಹಾಗೇ ಉಳಿದಿದೆ. ಚಹಾ ಇಡುತ್ತೇನೆಂದು ಒಳಗೆ ಹೋದೆ.

ಅಂದಿನಿಂದ ಆ ಮನೆಯಲ್ಲಿ ಒಬ್ಬರು ಸೂತಕದಲ್ಲಿದ್ದಾರೆ, ಇನ್ನೊಬ್ಬರು ದಿನಾ ದೇವರಿಗೆ ಹೂವು ಏರಿಸುತ್ತಾರೆ. ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದು ಬಿಟ್ಟರೆ ಮಾತಿಲ್ಲ.

ಇದನ್ನು ಓದುವವರಲ್ಲಿ ಆ ಯುದ್ಧದಿಂದ ಮರಳಿದವರು, ಇಲ್ಲವೇ ಅಲ್ಲಿ ಮನೆಯವರನ್ನು ಕಳೆದುಕೊಂಡವರು ಇರಬಹುದು. ಹದಿನಾಲ್ಕರಂದು ಅವನ ಪಕ್ಕದಲ್ಲಿ ಯಾರಿದ್ದರು, ಹದಿನಾರರಂದು ಅವನ ಫೋನು ಯಾರ ಕೈಯಲ್ಲಿತ್ತು ಎಂಬುದು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾವ ಉತ್ತರವಾದರೂ ಸರಿ, ದೊಡ್ಡಮ್ಮನಿಗೆ ನಾನೇ ಓದಿ ಹೇಳುತ್ತೇನೆ.