ಅಜ್ಜಿ ಬಾಗಿಲಲ್ಲಿ ಕೇಳುತ್ತಿದ್ದ ಟಿಕೆಟ್

ಇವತ್ತು ಸೇಲಂನಿಂದ ಧರ್ಮಪುರಿಗೆ ಬರುವ ರೈಲಿನಲ್ಲಿ ಟಿಕೆಟ್ ಇಲ್ಲದ ಹುಡುಗನೊಬ್ಬ ನಗುತ್ತಲೇ ದಂಡ ಕಟ್ಟಿದ. ನನಗೆ ಅಜ್ಜಿ ನೆನಪಾದಳು.

ನಮ್ಮ ನೇಕಾರರ ಊರಿನ ಪುಟ್ಟ ಸ್ಟೇಷನ್ನಿನಲ್ಲಿ ಯಾರೂ ಟಿಕೆಟ್ ಕೇಳುತ್ತಿರಲಿಲ್ಲ. ಮಗ್ಗದಿಂದೆದ್ದು ಬಂದು, ನೂಲಿನ ಗಂಜಿ ಅಂಟಿದ ಕೈ ಚಾಚಿ, ರೈಲಿನಲ್ಲಿ ಬಂದವರನ್ನು ಮನೆ ಬಾಗಿಲಲ್ಲಿ ಅಜ್ಜಿ ಕೇಳುತ್ತಿದ್ದಳು. ದಂಡ ಕಟ್ಟಿ ಕಟ್ಟಿಯೂ ಬದಲಾಗದ ಅವಳ ಮಗ, ನನ್ನ ಮಾವ, ಒಮ್ಮೆ ಟಿಕೆಟ್ ಇಲ್ಲದೆ ಬರಿಗೈಯಲ್ಲಿ ಬಂದ.

“ಸಿಕ್ಕಾಕೊಂಡ್ರೆ ಫೈನ್ ಕಟ್ತೀನಿ, ಬುಡವ್ವ!”

“ಓಸೀಲಿ ಬಂದೋನ್ಗೆ ಈ ಮನೇಲಿ ಸಾಪಾಡು ಇಲ್ಲ ಕಣ್ಲಾ. ಓಗು, ಟಿಕೆಟ್ ತಕ್ಕೊಂಡು ಬಾ.”

ಉರಿಬಿಸಿಲಲ್ಲಿ ಮಾವ ಸ್ಟೇಷನ್ನಿಗೆ ನಡೆದು, ಬಂದಷ್ಟೇ ದೂರದ ಟಿಕೆಟ್ ಕೊಂಡು ತಂದ. ಅಲ್ಲಿಯವರೆಗೆ ಅಜ್ಜಿಯೂ ಉಣ್ಣಲಿಲ್ಲ.

ಇವತ್ತು ನರೆತ ಮಾವ ಧರ್ಮಪುರಿಯ ತನ್ನ ಮನೆ ಬಾಗಿಲಲ್ಲಿ ನನಗೆ ಕೈ ಚಾಚಿದ. “ಟಿಕೆಟ್ಟು ಎಲ್ಲೈತೆ, ತೋರ್ಸಮ್ಮ!”

ನಾನೂ ಅವಳ ಮೊಮ್ಮಗಳೇ. ಟಿಕೆಟ್ ತೋರಿಸಲು ಫೋನನ್ನು ಆಗಲೇ ಕೈಯಲ್ಲಿ ಹಿಡಿದಿದ್ದೆ.